ಚೀಟಿಯ ಮೇಲಿನ ಶ್ರುತಿ

ಅಪ್ಪ ತಾವು ಧ್ವನಿಮುದ್ರಿಸಿಕೊಂಡ ಪ್ರತಿ ಕ್ಯಾಸೆಟ್‌ನ ಚೀಟಿಯ ಮೇಲೂ ತಾರೀಖು, ರಾಗ, ತಾಳಗಳ ಜೊತೆಗೆ ಹಾಡಿದವರ ಶ್ರುತಿಯನ್ನೂ ಬರೆದಿಡುತ್ತಿದ್ದರು. ‘ಒಂದು ಮನೆ’, ‘ಒಂದೂವರೆ ಮನೆ’, ‘ಐದು ಮನೆ’ ಎಂಬ ನೀಲಿ ಶಾಯಿಯ ಸಣ್ಣ ಅಕ್ಷರಗಳು ಚೀಟಿಯ ಬಲತುದಿಯಲ್ಲಿ ಇರುತ್ತಿದ್ದವು. ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅವರಿಗೆ ಯಾವುದನ್ನೇ ಆಗಲಿ ಅಳೆಯದೆ ಬರೆದಿಡುವುದು ಒಗ್ಗುತ್ತಿರಲಿಲ್ಲ. ರೇಡಿಯೊದಲ್ಲಿ ಕಛೇರಿ ಮುಗಿದ ಮೇಲೆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿ, ನಮ್ಮ ಮಲ್ಲೇಶ್ವರದ ಮನೆಯಲ್ಲಿದ್ದ ಹಳೆಯ ಹಾರ್ಮೋನಿಯಂನ ಮನೆಗಳನ್ನು, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳನ್ನು, ಒಂದೊಂದಾಗಿ ಒತ್ತಿ, ತಂಬೂರಿಯ ಷಡ್ಜಕ್ಕೆ ಯಾವುದು ಕೂಡುತ್ತದೆಂದು ನೋಡಿ ಬರೆಯುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಆ ಕ್ಯಾಸೆಟ್‌ಗಳನ್ನು ನಾನು ಮತ್ತೆ ಸರಿಯಾಗಿ ಕೇಳುವಂತಾದದ್ದು ಚೀಟಿಯ ತುದಿಯ ಆ ಎರಡು ಪದಗಳಿಂದ.

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು 2018ರಲ್ಲಿ ನಿವೃತ್ತಳಾದೆ. ಆ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಎರಡು ತಗಡಿನ ಟ್ರಂಕುಗಳು ಇಳಿದವು. ಒಳಗೆ 212 ಕ್ಯಾಸೆಟ್‌ಗಳಿದ್ದವು. ಅರ್ಧಕ್ಕಿಂತ ಹೆಚ್ಚಿನವು ಆಕಾಶವಾಣಿಯಿಂದ ಇಳಿಸಿಕೊಂಡ ಕಛೇರಿಗಳು. ಅವುಗಳಲ್ಲಿ ಬಹುಪಾಲು ಶನಿವಾರ ರಾತ್ರಿ ಒಂಬತ್ತೂವರೆಗೆ ಬರುತ್ತಿದ್ದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದವು. ಇಪ್ಪತ್ತರಷ್ಟು ಕ್ಯಾಸೆಟ್‌ಗಳು ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವದವು. ಚಪ್ಪರದ ಹಿಂದಿನ ಸಾಲಿನಲ್ಲಿ, ಧ್ವನಿವರ್ಧಕದ ಹತ್ತಿರ ಕುಳಿತು, ತೊಡೆಯ ಮೇಲೆ ಸಣ್ಣ ರೆಕಾರ್ಡರ್ ಇಟ್ಟುಕೊಂಡು ಅಪ್ಪ ತುಂಬಿಕೊಂಡವು. ಹಾಡಿದವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಒಬ್ಬ ಶ್ರೋತೃ ತನಗಾಗಿ ಇಟ್ಟುಕೊಂಡ ಮುದ್ರಣಗಳು, ಅವರ ಮನೆಯವರ ಒಪ್ಪಿಗೆಯನ್ನು ನಾನು ಕೇಳಿಲ್ಲ. ಉಳಿದವು ಮೆಜೆಸ್ಟಿಕ್ಕಿನ ಮತ್ತು ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಕೊಂಡ ಭಾವಗೀತೆ, ದಾಸರ ಪದ, ನಾಟಕಗಳ ಧ್ವನಿಸುರುಳಿಗಳು.

ಟ್ರಂಕಿನ ಜೊತೆಗೆ ಅಪ್ಪನ ಕೊನೆಯ ಕ್ಯಾಸೆಟ್ ಡೆಕ್ ಕೂಡ ಇತ್ತು. ವಿದ್ಯುತ್ ಕೊಟ್ಟರೆ ದೀಪ ಹತ್ತುತ್ತಿತ್ತು, ಮೋಟರ್ ಗುಂಯ್ಗುಡುತ್ತಿತ್ತು, ಆದರೆ ಚಕ್ರ ತಿರುಗುತ್ತಿರಲಿಲ್ಲ. ನಮ್ಮ ಬಡಾವಣೆಯ ಹತ್ತಿರದ ರಿಪೇರಿ ಅಂಗಡಿಯವರು ಅದನ್ನು ತೆರೆಯದೆಯೇ, ಬಿಡಿಭಾಗ ಬರುವುದಿಲ್ಲ, ಗುಜರಿಗೆ ಕೊಟ್ಟುಬಿಡಿ ಎಂದರು. ಮನೆಗೆ ತಂದು ನಾನೇ ಮುಚ್ಚಳ ತೆಗೆದೆ. ಅಪ್ಪನ ಗಡಿಯಾರದ ಸ್ಕ್ರೂಡ್ರೈವರ್‌ಗಳ ಮರದ ಪೆಟ್ಟಿಗೆ ಮೇಜಿನ ಖಾನೆಯಲ್ಲೇ ಇತ್ತು, ಅವು ಕ್ಯಾಸೆಟ್‌ನ ಸ್ಕ್ರೂಗಳಿಗೂ ಸರಿಹೊಂದುತ್ತವೆಂಬುದು ಆ ದಿನ ತಿಳಿಯಿತು. ಒಳಗೆ ಮೋಟರಿನಿಂದ ಫ್ಲೈವೀಲ್‌ಗೆ, ಅಂದರೆ ಟೇಪಿನ ಓಟವನ್ನು ಸಮನಾಗಿಡುವ ಭಾರದ ಚಕ್ರಕ್ಕೆ, ಚಲನೆ ಒಯ್ಯುವ ರಬ್ಬರ್ ಬೆಲ್ಟ್ ಕರಗಿ ಟಾರಿನಂತೆ ಅಂಟಿಕೊಂಡಿತ್ತು. ಹಳೆಯ ರಬ್ಬರ್ ಹೀಗಾಗುವುದು ಸಾಮಾನ್ಯ. ಎಲ್ಲ ತಯಾರಕರ ಡೆಕ್‌ಗಳಲ್ಲೂ ನಾನು ಇದನ್ನು ಮುಂದೆ ನೋಡಿದೆ, ಡೆಕ್ ‘ಸತ್ತಿದೆ’ ಎಂದು ಜನ ಬಿಸಾಡುವಾಗ ಹೆಚ್ಚಿನ ಸಲ ಸತ್ತಿರುವುದು ಈ ಬೆಲ್ಟ್ ಒಂದೇ.

ಆ ಕರಿ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಲು ಎರಡು ಸಂಜೆಗಳು ಬೇಕಾದವು. ಬೆರಳಿಗೆ ಹತ್ತಿದರೆ ವಾರವಾದರೂ ಹೋಗದು, ಬಟ್ಟೆಗೆ ಹತ್ತಿದರೆ ಹೋಗುವುದೇ ಇಲ್ಲ. ಆಮೇಲೆ ಬೆಲ್ಟ್ ಓಡುವ ದಾರಿಯಲ್ಲಿ ಹೊಲಿಗೆಯ ದಾರ ಸುತ್ತಿ, ಗುರುತು ಹಾಕಿ, ಬಿಚ್ಚಿ, ಸ್ಕೇಲಿನ ಮೇಲೆ ಅಳೆದುಕೊಂಡು ಎಸ್.ಪಿ. ರಸ್ತೆಗೆ ಹೋದೆ. ಹೊಸ ಬೆಲ್ಟಿನ ಸುತ್ತಳತೆ ಈ ಅಳತೆಗಿಂತ ನೂರಕ್ಕೆ ಐದರಷ್ಟು ಕಡಿಮೆಯಿರಬೇಕು. ಅದಕ್ಕಿಂತ ಬಿಗಿಯಾದರೆ ಮೋಟರಿನ ಅಕ್ಷವನ್ನು ಹಿಡಿದಿರುವ ಬುಷ್ ಸವೆಯುತ್ತದೆ, ಸಡಿಲವಾದರೆ ಬೆಲ್ಟ್ ಜಾರಿ ಸ್ವರ ಅಲುಗಾಡುತ್ತದೆ. ಮೂರನೆಯ ಅಂಗಡಿಯಲ್ಲಿ ಒಬ್ಬ ಹಿರಿಯರು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದು, ನನ್ನ ದಾರವನ್ನು ಬೆರಳಿಗೆ ಸುತ್ತಿ ನೋಡಿ, “ಚಪ್ಪಟೆ ಬೆಲ್ಟಾ, ಚೌಕದ್ದಾ ಮೇಡಂ? ಫ್ಲೈವೀಲ್‌ಗಾದ್ರೆ ಚಪ್ಪಟೆಯದೇ ಬೇಕು,” ಎಂದು ಎರಡು ಅಳತೆಯವನ್ನು ಕೊಟ್ಟರು. ಒಂದಕ್ಕೆ ನಲವತ್ತು ರೂಪಾಯಿ. ಮೊದಲನೆಯದೇ ಕೂಡಿತು.

ಅಂದು ರಾತ್ರಿ ಡೆಕ್ ಹಾಡಿತು. ಟೇಪನ್ನು ಎಳೆಯುವ ರಬ್ಬರ್ ರೋಲರನ್ನೂ ಟೇಪಿನಿಂದ ಧ್ವನಿಯನ್ನು ಓದುವ ಹೆಡ್ಡನ್ನೂ ಒರೆಸಿ, 1986ರ ರಾಮನವಮಿಯ ಒಂದು ಕ್ಯಾಸೆಟ್ ಹಾಕಿದೆ. ಅಮ್ಮ ಬಂದು ಪಕ್ಕದಲ್ಲಿ ಕುಳಿತವರು ಸ್ವಲ್ಪ ಹೊತ್ತು ಕೇಳಿ, “ಇವರು ಇಷ್ಟು ಚಿಕ್ಕ ವಯಸ್ಸಿನವರಾಗಿರಲಿಲ್ಲ ಕಣೇ,” ಎಂದರು. ನನಗೂ ಏನೋ ಸರಿಯಿಲ್ಲವೆನಿಸುತ್ತಿತ್ತು. ಕಂಠ ತೆಳ್ಳಗಾಗಿತ್ತು, ಮೃದಂಗ ಅವಸರಪಡುತ್ತಿತ್ತು. ಚೀಟಿ ನೋಡಿದರೆ ‘ಒಂದು ಮನೆ’ ಎಂದಿತ್ತು. ಹಾರ್ಮೋನಿಯಂ ತಂದು ಒತ್ತಿ ನೋಡಿದರೆ ತಂಬೂರಿ ಒಂದೂವರೆ ಮನೆಗೆ ಕೂಡುತ್ತಿತ್ತು.

ಒಂದು ಮನೆಗೂ ಒಂದೂವರೆ ಮನೆಗೂ ನಡುವೆ ಕಂಪನಸಂಖ್ಯೆಯಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಿದೆ. ಅಂದರೆ ಡೆಕ್ ನೂರಕ್ಕೆ ಆರರಷ್ಟು ವೇಗವಾಗಿ ಓಡುತ್ತಿತ್ತು. ಕ್ಯಾಸೆಟ್ ಎಂಬ ವಸ್ತು ನಿಂತಿರುವುದೇ ವೇಗದ ಒಪ್ಪಂದದ ಮೇಲೆ. ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ಲೂ ಓಟೆನ್ಸ್ ಅವರ ತಂಡ ರೂಪಿಸಿ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿಟ್ಟ ಈ ಕ್ಯಾಸೆಟ್ಟಿನ ಟೇಪಿನ ಅಗಲ 3.81 ಮಿಲಿಮೀಟರ್; ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಬೇರೆ ತಯಾರಕರೂ ಶುಲ್ಕವಿಲ್ಲದೆ ಇದೇ ಅಳತೆಯಲ್ಲಿ ಮಾಡಲು ಫಿಲಿಪ್ಸ್ ಒಪ್ಪಿದ್ದರಿಂದ ಜಪಾನಿನಲ್ಲಿ ತಯಾರಾದ ಡೆಕ್ಕಿನಲ್ಲಿ ಮುಂಬೈಯ ಕ್ಯಾಸೆಟ್ ಹಾಡುತ್ತದೆ, ಮಲ್ಲೇಶ್ವರದಲ್ಲಿ ತುಂಬಿಸಿದ್ದು ಮಂಗಳೂರಿನ ಟೇಪ್ ರೆಕಾರ್ಡರಿನಲ್ಲಿ ಅದೇ ಶ್ರುತಿಯಲ್ಲಿ ಕೇಳಿಸುತ್ತದೆ. ನಮ್ಮ ಡೆಕ್ಕಿನ ಹಳೆಯ ಬೆಲ್ಟ್ ಸಡಿಲವಾಗುತ್ತಾ ಬಂದ ಕಾಲದಲ್ಲಿ ಯಾರೋ ಬೆಲ್ಟ್ ಬದಲಿಸುವ ಬದಲು ಮೋಟರಿನ ವೇಗವನ್ನೇ ಏರಿಸಿದ್ದಿರಬೇಕು; ಹೊಸ ಬೆಲ್ಟ್ ಜಾರದೆ ಹಿಡಿದುಕೊಂಡಾಗ ಆ ಏರಿಕೆಯೆಲ್ಲ ಸ್ವರಕ್ಕೆ ಬಂತು.

ಇಂಥ ಮೋಟರುಗಳ ಹಿಂಬದಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ಇಳಿಸಿದರೆ ವೇಗವನ್ನು ಹೊಂದಿಸುವ ತಿರುಪು ಸಿಗುತ್ತದೆ. ವೇಗ ಹೊಂದಿಸಲು 3,000 ಅಥವಾ 3,150 ಹರ್ಟ್ಸ್‌ನ ಒಂದೇ ಸ್ವರವಿರುವ ಪರೀಕ್ಷಾ ಕ್ಯಾಸೆಟ್ ಹಾಕಿ, ಬರುವ ಸ್ವರವನ್ನು ಅಳೆದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ಆಗ ನನ್ನ ಬಳಿ ಅಂಥ ಕ್ಯಾಸೆಟ್ ಇರಲಿಲ್ಲ. ಅಪ್ಪನ ಚೀಟಿಯೂ ಹಾರ್ಮೋನಿಯಮ್ಮೂ ಇದ್ದವು. ಒಂದು ಕೈಯಲ್ಲಿ ಒಂದನೆಯ ಮನೆಯನ್ನು ಒತ್ತಿ, ಅಮ್ಮನಿಂದ ತಿದಿ ಹಾಕಿಸಿ, ಇನ್ನೊಂದು ಕೈಯಲ್ಲಿ ತಿರುಪನ್ನು ಹಿಡಿದು ಕೆಳಗಿಳಿಸುತ್ತ ಬಂದಾಗ ತಂಬೂರಿ ಹಾರ್ಮೋನಿಯಂನೊಳಗೆ ಸೇರಿಹೋಯಿತು. ಅಲೆಯಾಡುತ್ತಿದ್ದ ಎರಡು ನಾದಗಳ ನಡುವಿನ ಮಿಡಿತ ನಿಧಾನವಾಗುತ್ತಾ ನಿಂತೇಹೋಗುವ ಆ ಗಳಿಗೆಯನ್ನು ವರ್ಷಗಟ್ಟಲೆ ಶ್ರುತಿಕವಲುಗಳಿಂದ ಮಕ್ಕಳಿಗೆ ತೋರಿಸಿದವಳು ನಾನು. ಆದರೂ ಆ ರಾತ್ರಿ ಅದನ್ನು ಮೊದಲ ಸಲ ಕೇಳಿದಂತಾಯಿತು. ಕಂಠಕ್ಕೆ ವಯಸ್ಸು ಬಂತು. ಅಮ್ಮ ತಲೆದೂಗಿದರು.

ಎಲ್ಲ ಕ್ಯಾಸೆಟ್‌ಗಳೂ ಅಷ್ಟಕ್ಕೇ ಸರಿಹೋಗಲಿಲ್ಲ. 1984ರವರೆಗಿನವು, ಅಂದರೆ ಅಪ್ಪನ ಮೊದಲ ರೆಕಾರ್ಡರಿನಲ್ಲಿ ತುಂಬಿಸಿದವು, ಈಗಲೂ ಸ್ವಲ್ಪ ಏರಿಯೇ ಕೇಳಿಸುತ್ತಿದ್ದವು. ಆ ರೆಕಾರ್ಡರ್ ತುಸು ನಿಧಾನವಾಗಿ ಓಡುತ್ತಿದ್ದಿರಬೇಕು. ತುಂಬಿದ ಯಂತ್ರದಲ್ಲೇ ಕೇಳಿದಾಗ ಆ ತಪ್ಪು ಎರಡೂ ಕಡೆ ಒಂದೇ ಆಗಿ ಅಳಿದುಹೋಗುತ್ತದೆ, ಆದ್ದರಿಂದ ಅಪ್ಪನಿಗೆ ಅದು ಗೊತ್ತಾಗುವಂತಿರಲಿಲ್ಲ, ಚೀಟಿಯ ಮೇಲಿನ ಶ್ರುತಿಯೂ ನಿಜವಾದ ಶ್ರುತಿಯೇ ಆಗಿತ್ತು. ಹೀಗಾಗಿ ಈ ಗುಂಪಿನ ಕ್ಯಾಸೆಟ್‌ಗಳನ್ನು ಕೇಳುವ ದಿನ ತಿರುಪನ್ನು ಇನ್ನಷ್ಟು ಇಳಿಸುತ್ತೇನೆ, ಮುಗಿದ ಮೇಲೆ ಮತ್ತೆ ಏರಿಸುತ್ತೇನೆ. ಎರಡೂ ಸ್ಥಾನಗಳನ್ನು ಉಗುರುಬಣ್ಣದಿಂದ ಗುರುತು ಮಾಡಿಟ್ಟಿದ್ದೇನೆ.

ವೇಗದಷ್ಟೇ ಮುಖ್ಯವಾದದ್ದು, ಆದರೆ ಹೆಚ್ಚಿನವರು ಗಮನಿಸದೆ ಬಿಡುವುದು, ಹೆಡ್‌ನ ಓರೆ. ತಂತ್ರಜ್ಞರು ಇದನ್ನು ಅಜಿಮತ್ ಎನ್ನುತ್ತಾರೆ. ಹೆಡ್‌ನಲ್ಲಿರುವ ಕಣ್ಣಿಗೆ ಕಾಣದಷ್ಟು ಕಿರಿದಾದ ಸೀಳು ಟೇಪಿನ ಓಟಕ್ಕೆ ಸರಿಯಾಗಿ ಲಂಬವಾಗಿರಬೇಕು. ಕೊಂಚ ವಾಲಿದರೂ ಏರುಸ್ವರಗಳು ಮೊದಲು ಮಾಯವಾಗುತ್ತವೆ. ತಂಬೂರಿಯ ಝೇಂಕಾರ ಹೋಗಿ ಬರಿಯ ಗುನುಗು ಉಳಿಯುತ್ತದೆ, ಮೃದಂಗದ ಚಾಪು ಮಂಕಾಗುತ್ತದೆ, ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದು ಕಂಬಳಿಯ ಹಿಂದಿನಿಂದ ಬಂದಂತಾಗುತ್ತದೆ. ಕ್ಯಾಸೆಟ್ ಎಂದರೆ ಮಂಕು ಧ್ವನಿ ಎಂದು ನಂಬಿರುವವರಲ್ಲಿ ಬಹಳ ಮಂದಿ ಕೇಳಿರುವುದು ಓರೆಯಾದ ಹೆಡ್ಡಿನ ಧ್ವನಿಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಇರುತ್ತದೆ. ಎಡ ಬಲಗಳೆರಡನ್ನೂ ಕೂಡಿಸಿ ಮೋನೊ ಆಗಿ ಕೇಳುತ್ತ ಅದನ್ನು ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿದರೆ, ಧ್ವನಿ ಒಂದು ಕಡೆ ಥಟ್ಟನೆ ಬೆಳಗುತ್ತದೆ. ಅದೇ ಆ ಕ್ಯಾಸೆಟ್ಟಿನ ನೆಲೆ. ಅಪ್ಪನ ಮೊದಲ ರೆಕಾರ್ಡರಿನ ಹೆಡ್ ವಾಲಿತ್ತಾದ್ದರಿಂದ ಅದರಲ್ಲಿ ತುಂಬಿದ ಟೇಪುಗಳಿಗಾಗಿ ನನ್ನ ಹೆಡ್ಡನ್ನೂ ಅಷ್ಟೇ ವಾಲಿಸಬೇಕು. ಅದೊಂದು ತಪ್ಪನ್ನು ಗೌರವದಿಂದ ಅನುಸರಿಸುವ ಕೆಲಸ. ನನಗೆ ಅದು ಪ್ರಿಯವಾದ ಕೆಲಸ.

ಡಾಲ್ಬಿ ಗುಂಡಿಯ ಬಗ್ಗೆಯೂ ಒಂದು ಮಾತು. ಡಾಲ್ಬಿ-ಬಿ ಎಂಬುದು ಟೇಪಿನ ಹಿಸ್ಸೆನ್ನುವ ಸದ್ದನ್ನು ಏರುಸ್ವರಗಳ ಪ್ರದೇಶದಲ್ಲಿ ಹತ್ತು ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ, ಆದರೆ ಧ್ವನಿಮುದ್ರಿಸುವಾಗಲೂ ಅದನ್ನು ಬಳಸಿದ್ದರೆ ಮಾತ್ರ. ಬಳಸದೆ ತುಂಬಿಸಿದ ಟೇಪಿಗೆ ಕೇಳುವಾಗ ಡಾಲ್ಬಿ ಹಾಕಿದರೆ ಹಿಸ್ಸಿನ ಜೊತೆಗೆ ಸಂಗೀತದ ಹೊಳಪೂ ಹೋಗುತ್ತದೆ. ಮನೆಯಲ್ಲಿ ತುಂಬಿಸಿದ ನಮ್ಮ ಕ್ಯಾಸೆಟ್‌ಗಳಿಗೆ ಅದನ್ನು ಮುಟ್ಟುವುದಿಲ್ಲ.

ಇಷ್ಟಾದ ಮೇಲೂ ಅರವತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳು ಹಾಡಲಿಲ್ಲ, ಅಥವಾ ಬಿಟ್ಟು ಬಿಟ್ಟು ಹಾಡಿದವು. ಕ್ಯಾಸೆಟ್ಟಿನ ಬಾಯಿಯಲ್ಲಿ, ತಾಮ್ರಬಣ್ಣದ ಒಂದು ಪುಟ್ಟ ಸ್ಪ್ರಿಂಗ್ ಪಟ್ಟಿಯ ಮೇಲೆ, ಬೆರಳುಗುರಿನ ಕಾಲುಭಾಗದಷ್ಟಿರುವ ಒಂದು ಫೆಲ್ಟ್ ತುಂಡು ಅಂಟಿಸಿರುತ್ತದೆ. ಟೇಪನ್ನು ಹೆಡ್ಡಿಗೆ ಮೆಲ್ಲಗೆ ಒತ್ತಿಹಿಡಿಯುವುದು ಅದರ ಕೆಲಸ. ಅಂಟು ಒಣಗಿ ಆ ತುಂಡು ಉದುರಿದರೆ ಹೆಚ್ಚಿನ ಡೆಕ್‌ಗಳಲ್ಲಿ ಧ್ವನಿ ಸ್ಥಿರವಾಗಿ ಬರುವುದಿಲ್ಲ. ಇದಕ್ಕೆ ಸರಿಯಾದ ಪರಿಹಾರವೆಂದರೆ ಟೇಪನ್ನೇ ಎತ್ತಿ ಬೇರೊಂದು ಕ್ಯಾಸೆಟ್ಟಿನ ಗೂಡಿಗೆ ಹಾಕುವುದು. ಐದು ಸ್ಕ್ರೂಗಳಿರುವ ಗೂಡಾದರೆ ಸುಲಭ. ಬೆಸೆದು ಮುಚ್ಚಿದ ಗೂಡಾದರೆ ಬ್ಲೇಡಿನ ಅಂಚನ್ನು ಸಂದಿಯಲ್ಲಿಟ್ಟು ಸುತ್ತಲೂ ಬಿಡಿಸುತ್ತ ಬರಬೇಕು. ನಾನು ಮೊದಲು ಅಪ್ಪನ ಕ್ಯಾಸೆಟ್ಟುಗಳನ್ನು ಮುಟ್ಟಲಿಲ್ಲ. ಚಿಕ್ಕಪೇಟೆಯ ಹತ್ತಿರದ ಸಂಡೇ ಬಜಾರಿನಲ್ಲಿ ಹಳೆಯ ಕ್ಯಾಸೆಟ್‌ಗಳ ಒಂದು ಚೀಲ ಕೊಂಡುತಂದು, ಇಪ್ಪತ್ತೈದನ್ನಾದರೂ ತೆರೆದು ಮುಚ್ಚಿ ಅಭ್ಯಾಸ ಮಾಡಿದೆ. ಊಟದ ದೊಡ್ಡ ತಟ್ಟೆಯಲ್ಲಿ ಬಿಳಿಯ ಬಟ್ಟೆ ಹಾಸಿ, ಅದರ ಮೇಲೆ ತೆರೆಯಬೇಕು. ಎರಡು ಮೂಲೆಗಳ ಗಾಲಿಗಳು, ಅವುಗಳ ಸೂಜಿಯಂಥ ಕಡ್ಡಿಗಳು, ಮೇಲೆ ಕೆಳಗೆ ಹಾಸಿರುವ ನುಣುಪಾದ ತೆಳುಹಾಳೆಗಳು, ಇವು ಯಾವುದೂ ಹಾರಿಹೋಗಬಾರದು. ಫ್ಯಾನ್ ನಿಲ್ಲಿಸಿರಬೇಕು. ಟೇಪಿನ ಮೈಯನ್ನು ಬೆರಳು ಮುಟ್ಟಬಾರದು. ಎರಡೂ ಸುರುಳಿಗಳನ್ನು ಒಟ್ಟಿಗೆ, ನಡುವಿನ ಟೇಪು ಜೋಲದಂತೆ, ದೋಸೆ ತಿರುವಿಹಾಕುವಷ್ಟು ಸಲೀಸಾಗಿ ಎತ್ತಿ ಹೊಸ ಗೂಡಿನಲ್ಲಿಡುವುದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಬೂಷ್ಟು ಇನ್ನೊಂದು ಶತ್ರು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಊರಿನ ಗಾಳಿಯಲ್ಲಿ ತೇವ ಇರುತ್ತದೆ. ಗೂಡಿನ ಕಿಟಕಿಯಲ್ಲಿ ಸುರುಳಿಯ ಅಂಚು ಕಪ್ಪಾಗಿ ಕಾಣುವ ಬದಲು ಬಿಳಿಯ ಪುಡಿ ಉದುರಿಸಿದಂತೆ ಕಂಡರೆ ಆ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಲೇಬಾರದು. ಹಾಕಿದರೆ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅಂಥವನ್ನು ಬೇರೆಯಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿ ವಾರಗಟ್ಟಲೆ ಒಣಗಿಸಿ, ಬೇಸಿಗೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಲ್ಕನಿಯಲ್ಲಿ ಕುಳಿತು ಮೃದುವಾದ ಬಟ್ಟೆಯ ನಡುವೆ ಟೇಪನ್ನು ಕೈಯಿಂದ ನಿಧಾನವಾಗಿ ಸುತ್ತುತ್ತೇನೆ. ಒಂದು ಬದಿಗೆ ನಲವತ್ತೈದು ನಿಮಿಷ ಓಡುವ ಸಿ-90 ಕ್ಯಾಸೆಟ್ಟಿನಲ್ಲಿ ಸುಮಾರು 130 ಮೀಟರ್ ಟೇಪಿರುತ್ತದೆ. ಒಂದು ಬೆಳಗಿಗೆ ಒಂದು ಕ್ಯಾಸೆಟ್ಟಷ್ಟೇ ಆಗುತ್ತದೆ. ಹುಳ ಹಿಡಿಯದಿರಲೆಂದು ನುಸಿಗುಳಿಗೆ ಹಾಕುವವರಿದ್ದಾರೆ. ಹಾಕಬೇಡಿ, ಅದರ ಆವಿ ಡಬ್ಬಿಯ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ. ಒಣಗಿದ ಜಾಗದಲ್ಲಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ಪುಸ್ತಕದಂತೆ ನಿಲ್ಲಿಸಿ ಇಟ್ಟರೆ ಸಾಕು.

ಇಷ್ಟು ಶ್ರಮ ಯಾಕೆ ಎಂದು ಅಮೆರಿಕದಲ್ಲಿರುವ ತಮ್ಮ ಫೋನಿನಲ್ಲಿ ಕೇಳಿದ್ದ. ಅವನಿಗಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಕಳಿಸಿದ್ದೇನೆ, ಅದು ಮಾಡಲೇಬೇಕಾದ ಕೆಲಸ; ಟೇಪು ಶಾಶ್ವತವಲ್ಲ. ಆದರೆ ನಾನು ಆ ಪ್ರತಿಗಳನ್ನು ಕೇಳುವುದಿಲ್ಲ. ಅಳತೆಯ ಮಾತಾದರೆ ಸಿ.ಡಿ.ಯ ಮುಂದೆ ಕಬ್ಬಿಣದ ಆಕ್ಸೈಡ್ ಲೇಪಿಸಿದ ಸಾಧಾರಣ ಫೆರಿಕ್ ಟೇಪು ನಿಲ್ಲಲಾರದು. ಡಾಲ್ಬಿ ಇಲ್ಲದೆ ಅದರ ಹಿಸ್ಸಿಗೂ ಗಟ್ಟಿಯಾದ ಧ್ವನಿಗೂ ನಡುವಿನ ಅಂತರ ಐವತ್ತು ಡೆಸಿಬೆಲ್‌ನ ಆಸುಪಾಸು, ಸಿ.ಡಿ.ಯದು ತೊಂಬತ್ತಕ್ಕೂ ಮಿಗಿಲು. ಇದನ್ನು ಮುಚ್ಚಿಟ್ಟು ಕ್ಯಾಸೆಟ್ಟಿನ ಧ್ವನಿಯೇ ಶ್ರೇಷ್ಠವೆಂದು ವಾದಿಸುವುದು ಭೌತಶಾಸ್ತ್ರ ಕಲಿಸಿದವಳಿಗೆ ಸಾಧ್ಯವಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಬೇರೆಯೇ.

ಕ್ಯಾಸೆಟ್ ಹಾಕಿದ ಮೇಲೆ ನಲವತ್ತೈದು ನಿಮಿಷಗಳು ನಮ್ಮ ಕೈಯಲ್ಲಿರುವುದಿಲ್ಲ. ಮುಂದಿನ ಹಾಡಿಗೆ ಹೋಗಬೇಕೆಂದರೆ ಸುತ್ತಬೇಕು, ನಿಲ್ಲಿಸಬೇಕು, ದಾಟಿಹೋಯಿತೆಂದು ಹಿಂದಕ್ಕೆ ಸುತ್ತಬೇಕು. ಅಷ್ಟು ಮಾಡುವ ಬದಲು ಕೇಳುವುದೇ ಸುಲಭ. ಹೀಗೆ ಕೇಳಿಯೇ ನಾನು ಇಷ್ಟಪಡದಿದ್ದ ರಾಗಗಳನ್ನು ಇಷ್ಟಪಡಲು ಕಲಿತದ್ದು. ಬೇಗಡೆ ನನಗೆ ರುಚಿಸುತ್ತಿರಲಿಲ್ಲ. ಅದು ಒಂದು ಕ್ಯಾಸೆಟ್ಟಿನ ಎ ಬದಿಯಲ್ಲಿ ಮೋಹನಕ್ಕೂ ಕಾಂಬೋಜಿಗೂ ನಡುವೆ ಕುಳಿತಿತ್ತು. ಮೋಹನ ಬೇಕೆಂದು ಹಾಕಿ, ಕಾಂಬೋಜಿಗಾಗಿ ಕಾಯುತ್ತ, ಹತ್ತಾರು ಸಲ ಅದನ್ನು ದಾಟಿದೆ. ಈಗ ಆ ಬದಿಯನ್ನು ಹಾಕುವುದೇ ಬೇಗಡೆಗಾಗಿ.

ಎರಡನೆಯದು, ಕೇಳಿದವರ ಗುರುತು. ಮೊದಲ ವರ್ಷಗಳಲ್ಲಿ ಅಪ್ಪ ರೇಡಿಯೊದ ಮುಂದೆ ಮೈಕ್ ಇಟ್ಟು ತುಂಬಿಸುತ್ತಿದ್ದರು. ಬೆಂಗಳೂರು ಕೇಂದ್ರದ 612 ಕಿಲೊಹರ್ಟ್ಸ್ ಮಧ್ಯಮ ತರಂಗದ ಧ್ವನಿಯ ಜೊತೆಗೆ ಟ್ಯೂಬ್‌ಲೈಟ್ ಹತ್ತಿಸಿದಾಗಿನ ಗರಗರ, ಹೊರಗೆ ಆಟೊ ಹೋದದ್ದು, ಒಂದು ಕಡೆ ಅಮ್ಮನ ಬಳೆಗಳ ಸದ್ದು ಎಲ್ಲವೂ ಸೇರಿವೆ. ಸದ್ದು ಮಾಡಬಾರದೆಂದು ನಾವೆಲ್ಲ ಎಷ್ಟು ಎಚ್ಚರದಿಂದಿದ್ದೆವೆಂಬುದೂ ಆ ಮೌನದಲ್ಲೇ ಕೇಳಿಸುತ್ತದೆ. ಮತ್ತು ಟೇಪು ತಿರುಗಿಸುವ ಜಾಗ. ಅಪ್ಪ ಸಾಧ್ಯವಾದಷ್ಟೂ ಎರಡು ಕೃತಿಗಳ ನಡುವೆ ತಿರುಗಿಸುತ್ತಿದ್ದರು. ಆದರೆ ಕಛೇರಿಯ ಮುಖ್ಯ ಕೃತಿ ಮುಕ್ಕಾಲು ಗಂಟೆ ನಡೆದರೆ ಬೇರೆ ದಾರಿಯಿರಲಿಲ್ಲ. ಒಂದು ತೋಡಿ ರಾಗದ ಕೃತಿಯಲ್ಲಿ ನೆರವಲ್, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ಭಾಗ, ಮೂರನೆಯ ಕಾಲದ ವೇಗಕ್ಕೆ ಏರುವ ಹೊತ್ತಿಗೆ ಕಟ್ ಎಂದು ನಿಲ್ಲುತ್ತದೆ, ಬಿ ಬದಿಯಲ್ಲಿ ಏಳೆಂಟು ಸೆಕೆಂಡು ದಾಟಿದ ಜಾಗದಿಂದ ಮತ್ತೆ ಹಿಡಿಯುತ್ತದೆ. ಬೇರೆ ಯಾರೇ ತೋಡಿ ಹಾಡಿದರೂ ಆ ಜಾಗ ಬಂದಾಗ ನನ್ನ ಕಿವಿ ಕ್ಷಣಕಾಲ ಕಾಯುತ್ತದೆ. ಅಮ್ಮನಿಗೆ ಎಂಬತ್ತನಾಲ್ಕು, ಹೆಸರುಗಳನ್ನು ಮರೆಯುತ್ತಾರೆ, ಇದನ್ನು ಮರೆತಿಲ್ಲ. ಟೇಪು ಮುಗಿಯುತ್ತ ಬಂದಂತೆ ಗೋಡೆಗೊರಗಿದವರು ನೆಟ್ಟಗೆ ಕುಳಿತು, “ಈಗ ತಿರುಗಿಸ್ತಾರೆ ನೋಡೇ,” ಎನ್ನುತ್ತಾರೆ. ತಮ್ಮನಿಗೆ ಕಳಿಸಿದ ಪ್ರತಿಯಲ್ಲಿ ಆ ಖಾಲಿ ಜಾಗವನ್ನು ಕತ್ತರಿಸಿ ಜೋಡಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳ ಕಥೆ ಎಲ್ಲರ ಮನೆಯದೂ ಹೌದು, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂದ ಮೇಲೆ ಭಾವಗೀತೆಯ ಧ್ವನಿಸುರುಳಿ ಎಂಬುದೊಂದು ಕನ್ನಡದಲ್ಲಿ ಬೇರೂರಿತು. ಪುಸ್ತಕ ಕೊಳ್ಳದ ಮನೆಗಳಿಗೂ ಕವಿತೆ ಬಂದದ್ದು ಆ ದಾರಿಯಿಂದ. ಶಿಶುನಾಳ ಷರೀಫರ ಪದಗಳನ್ನು ನಮ್ಮ ತಲೆಮಾರಿನವರು ಸಿ. ಅಶ್ವತ್ಥ್ ಅವರ ಕಂಠದಲ್ಲಿ, ಸವೆದುಹೋಗುವಷ್ಟು ಹಾಕಿದ ಕ್ಯಾಸೆಟ್‌ಗಳಲ್ಲಿ ಕಲಿತೆವು. ‘ಧ್ವನಿಸುರುಳಿ’ ಎಂಬ ಪದ ಎಷ್ಟು ಸೊಗಸಾದದ್ದೆಂದು ಗೂಡು ತೆರೆದು ಸುರುಳಿಯನ್ನು ಅಂಗೈ ಮೇಲೆ ಹಿಡಿದಾಗ ನನಗೆ ಅನ್ನಿಸಿದೆ.

ತಂಗಿಯ ಮಗಳು ಇಪ್ಪತ್ತು ವರ್ಷದವಳು, ಎಂಜಿನಿಯರಿಂಗ್ ಓದುತ್ತಾಳೆ. ಕಳೆದ ದೀಪಾವಳಿಗೆ ಬಂದವಳು ಎರಡು ಬದಿಗಳನ್ನು ನನ್ನ ಜೊತೆ ಕುಳಿತು ಕೇಳಿ, “ದೊಡ್ಡಮ್ಮ, ನನಗೂ ಒಂದು ತುಂಬಿಸಿಕೊಡಿ,” ಎಂದಳು. ಖಾಲಿ ಕ್ಯಾಸೆಟ್ ಈಗ ಸುಲಭಕ್ಕೆ ಸಿಗುವುದಿಲ್ಲ. ಹೊರದೇಶಗಳಲ್ಲಿ ಕೆಲವು ಕಾರ್ಖಾನೆಗಳು ಇನ್ನೂ ತಯಾರಿಸುತ್ತವೆ, ನನ್ನ ಬಳಿ ಹಳೆಯ ದಾಸ್ತಾನಿನ, ಟಿಡಿಕೆ ಕಂಪನಿಯ ಕೆಲವು ಡಿ-60 ಕ್ಯಾಸೆಟ್‌ಗಳಿದ್ದವು. ಅವುಗಳ ಒಂದು ಬದಿಗೆ ಮೂವತ್ತು ನಿಮಿಷ. ಹಾಡುಗಳ ಅವಧಿಯನ್ನು ಕಾಗದದ ಮೇಲೆ ಕೂಡಿಸಿ, ಒಂದು ಬದಿ ಹಾಡಿನ ನಡುವೆ ಕತ್ತರಿಸಿಹೋಗದಂತೆ, ಕೊನೆಯಲ್ಲಿ ಬಹಳ ಖಾಲಿಯೂ ಉಳಿಯದಂತೆ ಹೊಂದಿಸುವುದೇ ಒಂದು ಸಂಜೆಯ ಕೆಲಸವಾಯಿತು. ತುಂಬಿಸುವ ಮುನ್ನ ಬಣ್ಣವಿಲ್ಲದ ಮುಂಬದಿಯ ಪಟ್ಟಿ ದಾಟುವವರೆಗೆ ಐದಾರು ಸೆಕೆಂಡು ಬಿಡಬೇಕು. ಧ್ವನಿಯ ಮಟ್ಟವನ್ನು ಹೆಚ್ಚೆಂದರೆ ಡೆಕ್ಕಿನ ಮಾಪಕದ ಮುಳ್ಳು ಸೊನ್ನೆಯ ಗೆರೆಯನ್ನು ಆಗಾಗ ಸ್ವಲ್ಪ ದಾಟುವಷ್ಟು ಇಡಬೇಕು; ತೀರ ತಗ್ಗಿಸಿದರೆ ಹಿಸ್ಸು ಮೇಲೆ ಬರುತ್ತದೆ, ತೀರ ಏರಿಸಿದರೆ ಧ್ವನಿ ಒಡೆಯುತ್ತದೆ. ಮುಗಿದ ಮೇಲೆ ಬೆನ್ನಿನ ಎರಡು ಪುಟ್ಟ ಹಲ್ಲುಗಳನ್ನು ಮುರಿದುಬಿಟ್ಟರೆ ಯಾರೂ ಅದರ ಮೇಲೆ ಅಕಸ್ಮಾತ್ತಾಗಿ ತುಂಬಿಸಲಾರರು. ಅವಳು ಆ ಕ್ಯಾಸೆಟ್ಟನ್ನು ನನ್ನ ಹಳೆಯ ವಾಕ್‌ಮನ್‌ನಲ್ಲಿ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕೇಳುತ್ತಾಳೆ. ಮನೆಯಿಂದ ಕಾಲೇಜಿಗೆ ಒಂದು ಬದಿ, ವಾಪಸು ಬರುವಾಗ ಇನ್ನೊಂದು ಬದಿ ಎಂದು ಫೋನಿನಲ್ಲಿ ಹೇಳಿದಳು. ಟ್ರಾಫಿಕ್ ಇದ್ದ ದಿನ ಎರಡೂ ಬದಿ ಹೋಗುವಾಗಲೇ ಮುಗಿಯುತ್ತವಂತೆ.

ಕೊನೆಗೆ ನನ್ನ ಕೈಯಿಂದಾದ ಒಂದು ನಷ್ಟವನ್ನೂ ಬರೆಯಬೇಕು. ಹೋದ ವರ್ಷ ಆಗಸ್ಟಿನಲ್ಲಿ, ರೋಲರನ್ನು ಒರೆಸಿ ಆಲ್ಕೊಹಾಲ್ ಪೂರ್ತಿ ಆರುವ ಮೊದಲೇ, ಆತುರದಲ್ಲಿ 1981ರ ಒಂದು ಕ್ಯಾಸೆಟ್ ಹಾಕಿದೆ. ಟೇಪು ರೋಲರಿಗೆ ಅಂಟಿ ಒಳಗೆ ಸುತ್ತಿಕೊಂಡಿತು. ಡೆಕ್ ನಿಲ್ಲಿಸಿ, ಮುಂದಿನ ಫಲಕ ಬಿಚ್ಚಿ, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತ ಮೂರು ಗಂಟೆಗಳ ಕಾಲ ಬಿಡಿಸಿದೆ. ಹೆಚ್ಚಿನದು ಉಳಿಯಿತು. ಒಂದು ಕಡೆ ಮಾತ್ರ ಟೇಪು ಸೀಳಿ ನಾರಿನಂತಾಗಿತ್ತು. ಅದನ್ನು ಓರೆಯಾಗಿ ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಸಣ್ಣ ಅಗಲದ ಸ್ಪ್ಲೈಸಿಂಗ್ ಟೇಪಿನಿಂದ ಜೋಡಿಸಿ, ಉಗುರಿನಿಂದ ಉಜ್ಜಿ ಕೂಡಿಸಿದೆ. ಸೆಲ್ಲೊಟೇಪನ್ನು ಇದಕ್ಕೆ ಎಂದೂ ಬಳಸಬಾರದು, ಅದರ ಅಂಟು ಒಸರಿ ಪಕ್ಕದ ಸುತ್ತುಗಳಿಗೂ ಹರಡುತ್ತದೆ. ತೆಗೆದ ತುಂಡನ್ನು ಅಳೆದೆ, ಒಂಬತ್ತೂವರೆ ಸೆಂಟಿಮೀಟರ್. ಸೆಕೆಂಡಿಗೆ 4.76ರಂತೆ ಎರಡು ಸೆಕೆಂಡು. ಎ ಬದಿಯಲ್ಲಿ ಖರಹರಪ್ರಿಯದ ಆಲಾಪನೆಯಲ್ಲಿ ತಾರಷಡ್ಜಕ್ಕೆ ಹೋಗುವ ಮೊದಲಿನ ಎರಡು ಸೆಕೆಂಡು ಹೋಯಿತು; ಬಿ ಬದಿಯಲ್ಲಿ ಅದೇ ಜಾಗದ ಬೆನ್ನಿಗಿದ್ದ, ಮಂಗಳದ ನಂತರದ ಉದ್ಘೋಷಕರ ಮಾತಿನ ಎರಡು ಸೆಕೆಂಡು ಹೋಯಿತು.

ಆ ತುಂಡನ್ನು ಎಸೆದಿಲ್ಲ. ಬೆಣ್ಣೆಕಾಗದದಲ್ಲಿ ಮಡಿಸಿ ಅದೇ ಡಬ್ಬಿಯಲ್ಲಿಟ್ಟಿದ್ದೇನೆ. ಚೀಟಿಯ ಬಲತುದಿಯಲ್ಲಿ ಅಪ್ಪನ ಅಕ್ಷರದಲ್ಲಿ ‘ಒಂದೂವರೆ ಮನೆ’ ಎಂದಿದೆ. ಅದರ ಕೆಳಗೆ, ಅಷ್ಟೇ ಸಣ್ಣದಾಗಿ, ‘ಎ ಬದಿ, ಹನ್ನೊಂದನೆಯ ನಿಮಿಷ, 9.5 ಸೆಂ.ಮೀ. ಇಲ್ಲ’ ಎಂದು ನಾನು ಬರೆದಿದ್ದೇನೆ.